ಚಿಕಿತ್ಸಾಕಾಲದ ವೈರಸ್ ಕಾವಲು: ಒಂದು ಆಧಾರವಿಮರ್ಶೆ

ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬುದು ದೇಹದ ರಕ್ಷಣಶಕ್ತಿಯೇ ಮಿದುಳು ಮತ್ತು ಬೆನ್ನುಹುರಿಗಳಲ್ಲಿಯ ನರತಂತುಗಳ ಹೊದಿಕೆಯನ್ನು ಕೆಡಿಸುವ ವ್ಯಾಧಿ. ಅದನ್ನು ತಡೆಯುವ ಮದ್ದುಗಳು ಆ ರಕ್ಷಣಶಕ್ತಿಯನ್ನೇ ಕಟ್ಟಿಹಾಕುವುದರಿಂದ, ಶರೀರದಲ್ಲಿ ಸುಪ್ತವಾಗಿದ್ದ ವೈರಸ್ಸುಗಳು ತಲೆಯೆತ್ತುವ ಭಯವುಂಟು. ವೈದ್ಯಶಾಸ್ತ್ರದ ಈ ವಿಷಯವನ್ನು ಇತಿಹಾಸದ ಅಧ್ಯಾಪಕನು ಎತ್ತಿಕೊಳ್ಳಲು ಕಾರಣವಿಷ್ಟೆ: ಇಲ್ಲಿಯ ನಿರ್ಣಯಗಳೆಲ್ಲ ದಾಖಲೆಗಳನ್ನು ಅವಲಂಬಿಸಿವೆ, ದಾಖಲೆಗಳನ್ನು ಓದುವ ಕ್ರಮದ ಬಗೆಗೆ ನಮ್ಮ ಶಾಸ್ತ್ರಕ್ಕೂ ಹೇಳುವ ಮಾತಿದೆ.

ನಟಾಲಿಜುಮ್ಯಾಬ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2004ರ ನವೆಂಬರಿನಲ್ಲಿ ಅನುಮತಿ ದೊರೆಯಿತು. ಮರುವರ್ಷದ ಫೆಬ್ರವರಿಯಲ್ಲಿಯೇ ಅದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಬೇಕಾಯಿತು. ಬಹುಸಂಖ್ಯೆಯ ವಯಸ್ಕರಲ್ಲಿ ಯಾವ ಉಪದ್ರವವನ್ನೂ ಕೊಡದೆ ಅಡಗಿರುವ ಜೆ.ಸಿ. ವೈರಸ್, ಈ ಮದ್ದು ಪಡೆದ ಕೆಲವರ ಮಿದುಳನ್ನು ಹೊಕ್ಕು ಪಿ.ಎಂ.ಎಲ್. ಎಂಬ ಮಾರಕ ರೋಗವನ್ನು ಉಂಟುಮಾಡಿತ್ತು. 2006ರಲ್ಲಿ ಕಟ್ಟುನಿಟ್ಟಿನ ಕಾವಲಿನ ಷರತ್ತಿನೊಡನೆ ಔಷಧವು ಮರಳಿ ಬಂದಿತು. 2012ರಲ್ಲಿ ರಕ್ತದೊಳಗಣ ಪ್ರತಿಕಾಯಗಳ ಪರೀಕ್ಷೆಗೆ ಅಲ್ಲಿ ಮನ್ನಣೆ ದೊರೆಯಿತು. ಯುರೋಪಿನ ಔಷಧ ಸಂಸ್ಥೆಯು 2016ರಲ್ಲಿ ಒಪ್ಪಿದ ಲೆಕ್ಕದಂತೆ, ಪ್ರತಿಕಾಯವಿಲ್ಲದವರಿಗೆ ಅಪಾಯವು ಹತ್ತು ಸಾವಿರಕ್ಕೆ 1. ಪ್ರತಿಕಾಯದ ಸೂಚ್ಯಂಕವು 1.5ನ್ನು ಮೀರಿದವರಿಗೆ ಮೂರನೆಯ ವರ್ಷದಲ್ಲಿ ಸಾವಿರಕ್ಕೆ 3. ಪ್ರತಿಕಾಯವಿಲ್ಲದವರಿಗೆ ಆರು ತಿಂಗಳಿಗೊಮ್ಮೆ ಮರುಪರೀಕ್ಷೆಯನ್ನೂ, ಹೆಚ್ಚು ಅಪಾಯವುಳ್ಳವರಿಗೆ ಮೂರರಿಂದ ಆರು ತಿಂಗಳಿಗೊಮ್ಮೆ ಎಂ.ಆರ್.ಐ. ಚಿತ್ರವನ್ನೂ ಅದು ಸೂಚಿಸಿತು.

ಲೆಕ್ಕವು ಅಚ್ಚುಕಟ್ಟಾಗಿದೆ. ಆದರೆ ಅದರಲ್ಲೊಂದು ಷರತ್ತು ಹುದುಗಿದೆ. ಸೂಚ್ಯಂಕದ ಈ ಮೆಟ್ಟಿಲುಗಳು, ಹಿಂದೆ ರಕ್ಷಣಶಕ್ತಿಯನ್ನು ಕುಗ್ಗಿಸುವ ಬೇರೆ ಮದ್ದುಗಳನ್ನು ಸೇವಿಸದವರಿಗೆ ಮಾತ್ರ ಅನ್ವಯಿಸುತ್ತವೆ. ಅಗ್ಗವಾದ ಅಜಾಥಯೋಪ್ರಿನ್ ಮಾತ್ರೆಯನ್ನು ಮೊದಲು ನುಂಗಿದವನಿಗೆ ಆ ಅಂಕೆಯ ಆಶ್ವಾಸನೆ ಇಲ್ಲ. ಹಿರೇಕೆರೂರಿನ ಅಥವಾ ಸವಣೂರಿನ ರೋಗಿಯೊಬ್ಬನು ಮೊದಲು ತಾಲೂಕಿನ ವೈದ್ಯರನ್ನು, ಆಮೇಲೆ ಹುಬ್ಬಳ್ಳಿ ಅಥವಾ ದಾವಣಗೆರೆಯ ತಜ್ಞರನ್ನು, ಕೊನೆಗೆ ಬೆಂಗಳೂರಿನ ನಿಮ್ಹಾನ್ಸನ್ನು ಕಾಣುವನೆಂದು ಇಟ್ಟುಕೊಳ್ಳೋಣ. ಐದು ವರ್ಷದ ಹಿಂದಿನ ಚೀಟಿ ಅವನ ಕೈಚೀಲದಲ್ಲಿ ಉಳಿದಿದ್ದರೆ ಲೆಕ್ಕ ಒಂದು, ಕಳೆದಿದ್ದರೆ ಇನ್ನೊಂದು. ಪ್ರಯೋಗಾಲಯದ ಉಪಕರಣ ಎಷ್ಟೇ ಸೂಕ್ಷ್ಮವಾಗಿರಲಿ, ಕಳೆದುಹೋದ ಚೀಟಿಯನ್ನು ಅದು ಓದಲಾರದು. ಮೇಲಾಗಿ, ಮಾತು ತೊದಲುವುದು, ಅರ್ಧದೃಷ್ಟಿ ಮಸಕಾಗುವುದು, ಸ್ವಭಾವ ಬದಲಾಗುವುದು ಮುಂತಾದ ಪಿ.ಎಂ.ಎಲ್. ಲಕ್ಷಣಗಳನ್ನು ಹಳೆಯ ವ್ಯಾಧಿಯೇ ಮರುಕಳಿಸಿತೆಂದು ಭ್ರಮಿಸುವುದು ಸುಲಭ. ಹಾಗೆ ಭ್ರಮಿಸಿದಲ್ಲಿ ನಿಲ್ಲಿಸಬೇಕಾದ ಮದ್ದು ಮುಂದುವರಿಯುತ್ತದೆ.

ಎರಡನೆಯ ಸಂಗತಿ ಇನ್ನೂ ಸೂಕ್ಷ್ಮವಾದುದು. 2003ರಲ್ಲಿ ನಿಮ್ಹಾನ್ಸಿನ ಎಸ್. ಕೆ. ಶಂಕರ್ ಮತ್ತು ಸಂಗಡಿಗರು ಭಾರತ ಹಾಗೂ ಆಫ್ರಿಕಗಳಲ್ಲಿ ಪಿ.ಎಂ.ಎಲ್. ವಿರಳವಾಗಿರುವುದಕ್ಕೆ ಜೈವಿಕ ಕಾರಣವಿದೆಯೇ ಎಂದು ಒಂದು ಪ್ರಬಂಧದಲ್ಲಿ ಕೇಳಿದರು. ಅವರ ವಿಚಾರ ಏಡ್ಸ್ ರೋಗಿಗಳನ್ನು ಕುರಿತದ್ದು. ವೈರಸ್ಸಿನ ಪ್ರಭೇದಗಳ ಅಂತರ ಒಂದು ಉತ್ತರವಾಗಬಹುದು. ಪತ್ತೆಹಚ್ಚುವ ಸೌಕರ್ಯಗಳ ಕೊರತೆ ಇನ್ನೊಂದು. ಪ್ರಬಂಧದ ಶಿರೋನಾಮೆಯೇ ಪ್ರಶ್ನೆಯ ರೂಪದಲ್ಲಿದೆಯೆಂಬುದನ್ನು ಓದುಗರು ಮರೆಯಬಾರದು. ಆ ಪ್ರಶ್ನಚಿಹ್ನೆಯನ್ನು ಅಳಿಸಿ, “ನಮ್ಮಲ್ಲಿ ಈ ರೋಗ ಅಪರೂಪ, ಕಾವಲು ಸಡಿಲವಾಗಿದ್ದರೂ ನಡೆದೀತು” ಎಂದು ತೀರ್ಮಾನಿಸಿದರೆ ಅದು ಮೌನವನ್ನೇ ಸಾಕ್ಷ್ಯವೆಂದು ಹಿಡಿದಂತೆ. ಹಾನಗಲ್ಲಿನ ವೀರಗಲ್ಲುಗಳನ್ನು ನೋಡಿದ ವಿದ್ಯಾರ್ಥಿಗೆ ಇದು ಹೊಸತಲ್ಲ. ಕಲ್ಲು ನಿಲ್ಲಿಸುವವರಿದ್ದವರ ಸಾವಷ್ಟೇ ಕಲ್ಲಿನಲ್ಲಿ ಉಳಿಯಿತು; ಕಲ್ಲಿಲ್ಲದ ಊರಿನಲ್ಲಿ ಕಾಳಗವೇ ನಡೆಯಲಿಲ್ಲವೆಂದು ಯಾರೂ ಬರೆಯುವುದಿಲ್ಲ. ಎಂ.ಆರ್.ಐ. ಇಲ್ಲದ, ಬೆನ್ನುಹುರಿಯ ದ್ರವದ ಪರೀಕ್ಷೆಯಿಲ್ಲದ, ಶವಪರೀಕ್ಷೆಯೂ ಇಲ್ಲದ ಕಡೆ ಪಿ.ಎಂ.ಎಲ್. ತನ್ನ ಹೆಸರಿನಿಂದ ಸಾಯುವುದೇ ಇಲ್ಲ.

ಇನ್ನು, ನಮ್ಮ ರೋಗಿಗಳ ಪಾಲಿಗೆ ನಟಾಲಿಜುಮ್ಯಾಬ್ ದುಬಾರಿ. ಅದಕ್ಕಿಂತ ಕಡಮೆ ಬೆಲೆಗೆ ಸಿಗುವ ರಿಟುಕ್ಸಿಮ್ಯಾಬ್ ನಮ್ಮ ದೇಶದಲ್ಲಿ ಈ ವ್ಯಾಧಿಗೆ ವಿಶೇಷವಾಗಿ ಬಳಕೆಯಾಗುತ್ತಿದೆ. ಅಲ್ಲಿ ಮೊದಲು ಹುಡುಕಬೇಕಾದುದು ಯಕೃತ್ತಿನಲ್ಲಿ ಅಡಗಿರುವ ಹೆಪಟೈಟಿಸ್ ಬಿ ವೈರಸ್ಸನ್ನು. ಈ ಬಗೆಗೆ ಅಮೆರಿಕದ ಔಷಧ ಇಲಾಖೆ 2013ರಲ್ಲಿ ಎಚ್ಚರಿಕೆಯನ್ನು ಬಿಗಿಗೊಳಿಸಿತು. ಮೇಲ್ಮೈ ಪ್ರತಿಜನಕದ ಪರೀಕ್ಷೆಯೊಂದೇ ಸಾಲದು. ಹಿಂದೆಂದೋ ಬಂದುಹೋದ ಸೋಂಕಿನ ಗುರುತನ್ನು ಕೋರ್ ಪ್ರತಿಕಾಯದ ಪರೀಕ್ಷೆಯಿಂದ ತಿಳಿಯಬೇಕು. ಜೆ.ಸಿ. ವೈರಸ್ಸಿನ ಚರ್ಚೆಗೆ ಪುಟಗಟ್ಟಲೆ ಮೀಸಲಿಟ್ಟು ಈ ಅಗ್ಗದ ಪರೀಕ್ಷೆಯನ್ನು ಒಂದು ಸಾಲಿನಲ್ಲಿ ಮುಗಿಸುವ ವಿವೇಚನೆ ನಮ್ಮ ನೆಲಕ್ಕೆ ಹೊಂದುವಂಥದಲ್ಲ.

ಶಿಗ್ಗಾಂವಿಯ ಹಳ್ಳಿಗಳಲ್ಲಿಯೂ ಬಸುರಿಯ ‘ತಾಯಿ ಕಾರ್ಡ್’ ಹೆರಿಗೆಯ ದಿನದವರೆಗೆ ಪೆಟ್ಟಿಗೆಯಲ್ಲಿ ಭದ್ರವಾಗಿರುತ್ತದೆ. ಅದಿಲ್ಲದೆ ಆಸ್ಪತ್ರೆಗೆ ಹೊರಡುವವರು ಕಡಮೆ. ಈ ರೋಗಿಗಳಿಗೂ ಅಂಥ ಒಂದು ಕಾರ್ಡು ಬೇಕು. ಹಿಂದೆ ನುಂಗಿದ ಮದ್ದುಗಳ ಹೆಸರು, ಈಗಿನ ಮದ್ದು ಆರಂಭವಾದ ತಿಂಗಳು, ಪ್ರತಿಕಾಯ ಪರೀಕ್ಷೆಗಳ ದಿನಾಂಕ ಮತ್ತು ಅಂಕೆ, ಕಡೆಯ ಎಂ.ಆರ್.ಐ. ಆದ ದಿನ, ಯಾವ ಲಕ್ಷಣ ಕಂಡರೆ ಮುಂದಿನ ಡೋಸು ತಡೆದು ತಜ್ಞರಿಗೆ ತಿಳಿಸಬೇಕೆಂಬ ಸೂಚನೆ, ಇಷ್ಟನ್ನು ಅದರಲ್ಲಿ ಕನ್ನಡದಲ್ಲಿಯೇ ಬರೆದಿರಬೇಕು.