ನಟ ಗಿರೀಶ ಕಾರ್ನಾಡರು: ಸಾತ್ತ್ವಿಕಾಭಿನಯ ವಿಚಾರ

ಅಭಿನಯವು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕು ತೆರನಾದುದೆಂಬುದು ಭರತಮುನಿಯ ಮತವು. ಇವುಗಳಲ್ಲಿ ಸತ್ತ್ವವು ಮಿಗಿಲಾಗಿರುವುದೇ ಜ್ಯೇಷ್ಠವೆಂದು ಆತನು ಸಾಮಾನ್ಯಾಭಿನಯಪ್ರಕರಣದಲ್ಲಿ ನಿರ್ಣಯಿಸಿರುವನು. ಅಂಗಗಳ ಚಲನೆಯನ್ನು ಅಭ್ಯಾಸದಿಂದ ಸಾಧಿಸಬಹುದು. ವೇಷವನ್ನು ಬೇರೊಬ್ಬರು ತೊಡಿಸಬಹುದು. ಆದರೆ ಮನಸ್ಸಿನ ಏಕಾಗ್ರತೆಯಿಂದ ಹುಟ್ಟುವ ಸ್ತಂಭ, ಸ್ವರಭೇದ, ವೈವರ್ಣ್ಯಾದಿಗಳನ್ನು ನಟನು ತನ್ನ ಅಂತರಂಗದಿಂದಲೇ ತರಬೇಕಾಗುವುದು. ಗಿರೀಶ ಕಾರ್ನಾಡರ ನಾಟಕಗಳ ವಿಷಯವಾಗಿ ಕನ್ನಡದಲ್ಲಿ ವಿಪುಲವಾದ ವಿಮರ್ಶೆಯು ಹುಟ್ಟಿರುವುದಷ್ಟೆ. ಅವರ ನಟನೆಯನ್ನಾದರೋ ನಾಟಕಕಾರನ ಚರಿತ್ರೆಗೆ ಅನುಬಂಧವೆಂದೆಣಿಸಿ ಒಂದೆರಡು ವಾಕ್ಯಗಳಲ್ಲಿ ಮುಗಿಸುವ ರೂಢಿಯು ಬಿದ್ದಿದೆ. ಆ ನಟನೆಯಲ್ಲಿ ಗುಣವೇನು, ದೋಷವೇನು, ಅದಕ್ಕೂ ಅವರ ಕೃತಿಗಳಿಗೂ ಇರುವ ಸಂಬಂಧವೇನು ಎಂಬುದು ಇಲ್ಲಿ ವಿಚಾರ್ಯವು.

ಕಾರ್ನಾಡರು 1938ನೆಯ ಇಸವಿ ಮೇ 19ರಂದು ಮಾಥೇರಾನದಲ್ಲಿ ಜನಿಸಿದರು. ಮನೆಮಾತು ಕೊಂಕಣಿ. ಬಾಲ್ಯವು ಶಿರಸಿಯಲ್ಲಿ ಕಳೆಯಿತು. ನಾಟಕ ಕಂಪನಿಗಳ ಆಟವನ್ನೂ ಯಕ್ಷಗಾನವನ್ನೂ ಅವರು ಕಂಡುದು ಅಲ್ಲಿಯೇ. ಬಳಿಕ ಕುಟುಂಬವು ಧಾರವಾಡಕ್ಕೆ ಬಂದಿತು. ಅಲ್ಲಿಯ ಬಾಸೆಲ್ ಮಿಶನ್ ಹೈಸ್ಕೂಲಿನಲ್ಲಿಯೂ ಕರ್ನಾಟಕ ಕಾಲೇಜಿನಲ್ಲಿಯೂ ಓದಿ 1958ರಲ್ಲಿ ಪದವೀಧರರಾದರು. ವಿಷಯಗಳು ಗಣಿತ ಮತ್ತು ಸಂಖ್ಯಾಶಾಸ್ತ್ರ. 1960ರಿಂದ 1963ರ ವರೆಗೆ ಆಕ್ಸ್‌ಫರ್ಡಿನಲ್ಲಿ ವ್ಯಾಸಂಗ ಮಾಡಿದರು. ಇದರ ನಡುವೆ 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯು ಅವರ 'ಯಯಾತಿ'ಯನ್ನು ಪ್ರಕಟಿಸಿತು. ಮರಳಿ ಬಂದು ಮದರಾಸಿನಲ್ಲಿ ಆಕ್ಸ್‌ಫರ್ಡ್ ಮುದ್ರಣಸಂಸ್ಥೆಯ ಉದ್ಯೋಗದಲ್ಲಿದ್ದಾಗ 'ಮದರಾಸ್ ಪ್ಲೇಯರ್ಸ್' ಎಂಬ ನಾಟಕಮಂಡಲಿಯ ಸಂಪರ್ಕವುಂಟಾಯಿತು. ರಂಗಭೂಮಿಯಿಂದ ತೆರೆಗೆ ಹೋದ ದಾರಿಯು ಇದೇ. 2019ನೆಯ ಜೂನ್ 10ರಂದು ಬೆಂಗಳೂರಿನಲ್ಲಿ ದಿವಂಗತರಾದರು.

ಅವರ ನಟನೆಯ ಉತ್ತಮಾಂಶವನ್ನರಿಯಲು ನಾಲ್ಕು ಪಾತ್ರಗಳು ಸಾಕು. ಮೊದಲನೆಯದು 'ಸಂಸ್ಕಾರ'ದ ಪ್ರಾಣೇಶಾಚಾರ್ಯ. ಯು. ಆರ್. ಅನಂತಮೂರ್ತಿಯವರ 1965ರ ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ಚಿತ್ರಿಸಿದರು, ಚಿತ್ರಕಥೆಯು ಕಾರ್ನಾಡರದೇ. ಆಚಾರ್ಯನು ವೇದಾಂತಶಿರೋಮಣಿ. ಗ್ರಂಥಗಳನ್ನೆಲ್ಲ ಶೋಧಿಸಿಯೂ ನಾರಣಪ್ಪನ ಶವಸಂಸ್ಕಾರಕ್ಕೆ ವಿಧಿಯನ್ನು ಕಾಣಲಾರದೆ, ಮಾರುತಿಯ ಪ್ರಸಾದಕ್ಕಾಗಿ ಕಾದು ಬರಿಗೈಯಲ್ಲಿ ಏಳುವನು. ಇಂತಹ ಸಂದರ್ಭದಲ್ಲಿ ಕಂಪನಿ ನಾಟಕದ ನಟನು ಎದೆ ಬಡಿದುಕೊಂಡು ಶೋಕಿಸಿದ್ದರೆ ಆ ಪದ್ಧತಿಗೆ ಅದು ಸಹಜವೇ. ಕಾರ್ನಾಡರು ಸ್ತಂಭವೊಂದನ್ನೇ ನೆಚ್ಚಿದರು. ದೇಹವು ನಿಶ್ಚಲ, ದೃಷ್ಟಿಯು ಅನ್ಯತ್ರ, ಮಾತು ಮಿತ. ತಿಳಿದವನೆಂಬ ಹೆಸರನ್ನು ಹೊತ್ತವನಿಗೆ ತಿಳಿಯದೆ ಹೋದಾಗ ಉಂಟಾಗುವ ಲಜ್ಜೆಯು ಆ ನಿಶ್ಚಲತೆಯಲ್ಲಿಯೇ ವ್ಯಕ್ತವಾಗುವುದು.

ಈ ಚಿತ್ರಕ್ಕೆ ಸೆನ್ಸಾರ್ ಮಂಡಳಿಯು ಮೊದಲು ಅನುಮತಿಯನ್ನು ನಿರಾಕರಿಸಿತ್ತು. ಬಳಿಕ ಅದೇ ಚಿತ್ರವು ಆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ಆಚಾರಸಂಪ್ರದಾಯದ ಅವಹೇಳನವೆಂಬ ಆಕ್ಷೇಪವು ಕಥೆಯ ಮೇಲೆ ಹೇಗಾದರೂ ನಿಲ್ಲಲಿ, ನಟನ ಮೇಲೆ ನಿಲ್ಲಲಾರದು. ಆಚಾರ್ಯನನ್ನು ಹಾಸ್ಯಾಸ್ಪದನನ್ನಾಗಿಸುವುದು ಸುಲಭವಿದ್ದಿತು. ಕಾರ್ನಾಡರು ಆ ಪಾತ್ರದ ಪಾಂಡಿತ್ಯವನ್ನೂ ಅದರ ಭಂಗವನ್ನೂ ಸಮಾನವಾದ ಗೌರವದಿಂದ ತೋರಿ ಕರುಣಕ್ಕೆ ಎಡೆಮಾಡಿದರು. ಶಾಸ್ತ್ರಪಾಠದಲ್ಲಿ ಬೆಳೆದವರು ಈ ಪಾತ್ರವನ್ನು ಕಂಡು ಕೆರಳುವುದಕ್ಕಿಂತ ಆತ್ಮಪರೀಕ್ಷೆಯನ್ನು ಮಾಡಿಕೊಳ್ಳುವುದೇ ಯುಕ್ತವು.

ಎರಡನೆಯ ಮತ್ತು ಮೂರನೆಯ ಪಾತ್ರಗಳು ಶ್ಯಾಮ ಬೆನೆಗಲ್ಲರ ಹಿಂದಿ ಚಿತ್ರಗಳವು. 'ನಿಶಾಂತ'ದ (1975) ಶಾಲಾಮಾಸ್ತರನ ಹೆಂಡತಿಯನ್ನು ಜಮೀನುದಾರನ ಮನೆಯವರು ಅಪಹರಿಸುವರು. ಅಧಿಕಾರಿಗಳ ಬಾಗಿಲುಗಳನ್ನೆಲ್ಲ ತಟ್ಟಿ ಸೋತ ಆ ಮಾಸ್ತರನೇ ಕಡೆಗೆ ಊರನ್ನು ದಂಗೆಗೆ ಎಬ್ಬಿಸುವನು; ಆ ದಂಗೆಯು ಅಪರಾಧಿಗಳ ಸಂಗಡ ನಿರಪರಾಧಿಗಳನ್ನೂ ಆಹುತಿಗೊಳ್ಳುವುದು. 'ಮಂಥನ'ದ (1976) ಡಾಕ್ಟರ್ ರಾವ್ ಪಶುವೈದ್ಯನು; ಹಾಲಿನ ಸಹಕಾರಸಂಘವನ್ನು ಕಟ್ಟಲು ಗುಜರಾತದ ಹಳ್ಳಿಗೆ ಬಂದು, ಜಾತಿಯ ಮತ್ತು ಧನಿಕರ ಬಲಕ್ಕೆ ಎದುರಾಗಿ, ಕಾರ್ಯವು ಪೂರ್ಣವಾಗುವ ಮೊದಲೇ ಹೊರಟುಹೋಗುವನು. ಗುಜರಾತದ 5,00,000 ಹಾಲುತ್ಪಾದಕರು ತಲೆಗೆ 2 ರೂಪಾಯಿಯಂತೆ ಹಣ ಕೂಡಿಸಿ ಈ ಚಿತ್ರವನ್ನು ಮಾಡಿಸಿದರೆಂಬುದು ಪ್ರಸಿದ್ಧವಾಗಿದೆ. ಇಬ್ಬರೂ ವಿದ್ಯಾವಂತರು, ಇಬ್ಬರ ವಿದ್ಯೆಯೂ ಊರಿನ ಮುಂದೆ ಅಸಹಾಯವಾಗುವುದು. ಮಾಸ್ತರನಲ್ಲಿ ಆ ಅಸಹಾಯತೆಯು ಕ್ರೋಧವಾಗಿ ಪರಿಣಮಿಸಿದರೆ, ಡಾಕ್ಟರನಲ್ಲಿ ನಿರ್ವೇದವಾಗಿ ನಿಲ್ಲುವುದು.

ನಾಲ್ಕನೆಯದು ಟಿ. ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' (1990) ಚಿತ್ರದ ಕಳಸದ ಗೋವಿಂದಭಟ್ಟರ ಪಾತ್ರ. ಹುಬ್ಬಳ್ಳಿ-ಧಾರವಾಡದ ಸುತ್ತಿನ ಜನಕ್ಕೆ ಗೋವಿಂದಭಟ್ಟರು ಪುಸ್ತಕದ ವ್ಯಕ್ತಿಯಲ್ಲ, ಮನೆಮಾತಿನಲ್ಲಿ ಬದುಕಿರುವ ಗುರು. ಮುಸಲ್ಮಾನ ಶಿಷ್ಯನನ್ನು ಅಂಗೀಕರಿಸಿ ಊರವರ ನಿಂದೆಯನ್ನು ಲೆಕ್ಕಿಸದ ಈ ಬ್ರಾಹ್ಮಣನು ಪ್ರಾಣೇಶಾಚಾರ್ಯನಿಗೆ ಪ್ರತಿಬಿಂಬದಂತಿರುವನು: ಆಚಾರ್ಯನು ಯಾವ ಕಟ್ಟಿನಲ್ಲಿ ಸಿಲುಕಿದನೋ ಭಟ್ಟರು ಅದನ್ನು ನಗುತ್ತ ದಾಟಿದವರು. ಇಲ್ಲಿ ಕಾರ್ನಾಡರ ನಿಶ್ಚಲತೆಯು ಸಂಕಟದ್ದಲ್ಲ, ಪ್ರಸನ್ನತೆಯದು. ಒಂದೇ ಅನುಭಾವವು ಸ್ಥಾಯಿಭೇದದಿಂದ ಎರಡು ಅರ್ಥಗಳನ್ನು ಕೊಡುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯು ಬೇಕಿಲ್ಲ.

ಇಲ್ಲಿ ಒಂದು ಪೂರ್ವಪಕ್ಷವುಂಟು. ಕಾರ್ನಾಡರು ಯಾವ ವೇಷದಲ್ಲಿಯೂ ಕಾರ್ನಾಡರೇ. ಶರೀರವು ಬಿಗಿ, ಆಂಗಿಕವು ಬಡವು. ಪಾತ್ರದಲ್ಲಿ ಕರಗುವ ಶಕ್ತಿಯು ಅವರಿಗಿರಲಿಲ್ಲ, ಎಂದು. ಇದರಲ್ಲಿ ಸತ್ಯಾಂಶವಿರುವುದು. ಆದರೆ ಗುಣದೋಷಗಳು ಔಚಿತ್ಯವನ್ನವಲಂಬಿಸಿರುವುವೆಂಬುದು ಕ್ಷೇಮೇಂದ್ರನ ಸಿದ್ಧಾಂತ. ಓದಿನಿಂದ ಬಿಗಿದುಹೋದ ಶರೀರವು ಆಚಾರ್ಯನಲ್ಲಿ, ಮಾಸ್ತರನಲ್ಲಿ ಉಚಿತವೇ ಆಗಿರುವುದು. ಅದೇ ಬಿಗಿಯು ಅನ್ಯತ್ರ ದೋಷವಾಗುವುದನ್ನೂ ಒಪ್ಪಬೇಕು. ತಮಿಳಿನ 'ಕಾದಲನ್' (1994) ಚಿತ್ರದ ದುಷ್ಟ ರಾಜ್ಯಪಾಲನಲ್ಲಿ, ಹಿಂದಿಯ 'ಏಕ್ ಥಾ ಟೈಗರ್' (2012) ಚಿತ್ರದ ಗೂಢಚಾರರ ಮುಖ್ಯಸ್ಥನಲ್ಲಿ ವ್ಯಕ್ತಿಯ ಗಾಂಭೀರ್ಯವು ಕಾಣುವುದೇ ಹೊರತು ಪಾತ್ರದ ಅಂತರಂಗವು ಕಾಣದು. ಇಂತಹ ಪಾತ್ರಗಳನ್ನು ಜೀವನೋಪಾಯಕ್ಕಾಗಿ ಒಪ್ಪಿದುದನ್ನು ಅವರು ಮುಚ್ಚಿಡಲಿಲ್ಲ. ಆದಾಗ್ಯೂ ಉದ್ದೇಶದ ಪ್ರಾಮಾಣಿಕತೆಯು ಅಭಿನಯದ ಕೊರತೆಯನ್ನು ತುಂಬಲಾರದು.

ಇನ್ನು ಕೃತಿಸಂಬಂಧ. 'ಹಯವದನ'ದಲ್ಲಿ ಭಾಗವತನನ್ನೂ ಮುಖವಾಡವನ್ನೂ ತಂದು ನಾಟ್ಯಧರ್ಮಿಯನ್ನು ಎತ್ತಿಹಿಡಿದವರು, ನಟರಾಗಿ ಲೋಕಧರ್ಮಿಯನ್ನೇ ಆಶ್ರಯಿಸಿದುದು ವಿರೋಧದಂತೆ ತೋರಬಹುದು. ಮಾಧ್ಯಮಭೇದವನ್ನು ನೋಡಿದರೆ ವಿರೋಧವಿಲ್ಲ. ರಂಗದ ಪ್ರೇಕ್ಷಕನು ದೂರವಿರುವುದರಿಂದ ಭಾವವನ್ನು ಹಿಗ್ಗಿಸಿ ತೋರಬೇಕು; ಕ್ಯಾಮರಾವು ಮುಖದ ಬಳಿಯೇ ಇರುವುದರಿಂದ ಕುಗ್ಗಿಸಿ ತೋರಬೇಕು. ವಸ್ತುವಿನಲ್ಲಂತೂ ಐಕ್ಯವೇ ಇದೆ. 1964ರ 'ತುಘಲಕ್'ನ ಸುಲ್ತಾನನೂ ಬಹುಶ್ರುತನು; ಅವನ ಬುದ್ಧಿಯೇ ಅವನನ್ನು ಕೆಡಿಸಿತು. ವಿದ್ಯೆಯು ಧರ್ಮಸಂಕಟದಲ್ಲಿ ಯಾವ ಪ್ರಯೋಜನಕ್ಕೆ ಬರುವುದೆಂದು ನಾಟಕಕಾರನು ಕೇಳಿದ ಪ್ರಶ್ನೆಯನ್ನೇ ನಟನು ತನ್ನ ಶರೀರದಿಂದ ಕೇಳಿದನು. ಆದುದರಿಂದ ಕಾರ್ನಾಡರ ನಾಟಕಗಳನ್ನು ಪಾಠ ಹೇಳುವ ಅಧ್ಯಾಪಕರು 'ಸಂಸ್ಕಾರ', 'ಶರೀಫ' ಚಿತ್ರಗಳನ್ನೂ ಆ ನಾಟಕಗಳ ವ್ಯಾಖ್ಯಾನವೆಂದು ಪರಿಗ್ರಹಿಸುವುದು ಉಚಿತವು.