ಕತ್ತರಿಸಿದ ಕೊನೆಯ ದೃಶ್ಯ

ಮನೆಯ ಮಗನೋ ಮಗಳೋ ಮೊಬೈಲಿನಲ್ಲಿ ಹೊಡೆದಾಟದ ಅಥವಾ ಕೊಲೆಯ ದೃಶ್ಯವೊಂದನ್ನು ನೋಡುತ್ತಿರುವುದು ಗಮನಕ್ಕೆ ಬಂದಾಗ ನಾವು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: 'ಇಂಥದ್ದನ್ನೆಲ್ಲ ಏಕೆ ನೋಡುತ್ತೀ?' ಪ್ರಶ್ನೆ ತಪ್ಪಲ್ಲ, ಆದರೆ ಸಾಲದು. ಆ ದೃಶ್ಯ ಎಲ್ಲಿಂದ ಬಂತು, ಅದರ ಹಿಂದೆ ಮುಂದೆ ಏನಿತ್ತು, ನೋಡಿದ ಮೇಲೆ ಅದನ್ನು ಯಾರಿಗೆ ಕಳುಹಿಸಿದೆ ಎಂದು ವಿಚಾರಿಸುವವರು ವಿರಳ. ಹೀಗೆ ಕೇಳದೆ ಉಳಿದ ಪ್ರಶ್ನೆಗಳಿಗೆ ನಮ್ಮ ರಾಜ್ಯವೇ 2018ರಲ್ಲಿ ಬೆಲೆ ತೆತ್ತಿತು. ಆ ವರ್ಷ ಎಲ್ಲರ ಕೈಯಲ್ಲೂ ಹರಿದಾಡಿದ ಒಂದು ಪುಟ್ಟ ಚಿತ್ರವನ್ನು, ಕಥೆಯನ್ನೋ ನಾಟಕವನ್ನೋ ವಿಮರ್ಶಿಸುವ ಹಾಗೆಯೇ, ಇಲ್ಲಿ ನಿಮ್ಮೊಡನೆ ಪರಿಶೀಲಿಸಬೇಕೆಂದಿದ್ದೇನೆ.

ಚಿತ್ರ ಹೀಗಿದೆ. ಒಂದು ಓಣಿ. ಮಕ್ಕಳು ಕ್ರಿಕೆಟ್ ಆಡುತ್ತಿದ್ದಾರೆ. ಮೇಲಿನಿಂದ ಸಿಸಿಟಿವಿ ಕ್ಯಾಮೆರಾ ನೋಡುತ್ತಿರುವಂಥ ಮಸುಕು ನೋಟ. ಇಬ್ಬರು ಬೈಕಿನಲ್ಲಿ ಬರುತ್ತಾರೆ, ಒಂದು ಮಗುವನ್ನು ಸೆಳೆದುಕೊಂಡು ಕ್ಷಣಾರ್ಧದಲ್ಲಿ ಮರೆಯಾಗುತ್ತಾರೆ. ಅನೇಕರು ನೋಡಿದ್ದು ಇಷ್ಟೇ. ಆದರೆ ಚಿತ್ರ ಅಲ್ಲಿಗೆ ಮುಗಿದಿರಲಿಲ್ಲ. ಅದೇ ಬೈಕು ಹಿಂತಿರುಗುತ್ತದೆ, ಮಗುವನ್ನು ಇಳಿಸುತ್ತದೆ. ಸವಾರರು ಒಂದು ಫಲಕವನ್ನು ಕ್ಯಾಮೆರಾದ ಕಡೆಗೆ ಹಿಡಿಯುತ್ತಾರೆ. ಕರಾಚಿಯ ಬೀದಿಗಳಿಂದ ಮಗುವೊಂದನ್ನು ಕದಿಯಲು ಒಂದು ಗಳಿಗೆ ಸಾಕು, ನಿಮ್ಮ ಮಕ್ಕಳ ಮೇಲೆ ಕಣ್ಣಿಡಿ ಎಂಬುದು ಅದರ ತಾತ್ಪರ್ಯ. ಕಾಣೆಯಾದ ಮಕ್ಕಳಿಗಾಗಿ ದುಡಿಯುವ ಪಾಕಿಸ್ತಾನದ ರೋಶ್ನಿ ಹೆಲ್ಪ್‌ಲೈನ್ ಎಂಬ ಸಂಸ್ಥೆಗಾಗಿ 2016ರಲ್ಲಿ ತಯಾರಾದ ಜಾಗೃತಿ ಚಿತ್ರವಿದು. ಅಪಹರಿಸಿದಂತೆ ಕಂಡವರೂ ನಟರು, ಹೋಗಿ ಬಂದ ಮಗುವೂ ಕ್ಷೇಮ.

ಯಾರೋ ಆ ಫಲಕವನ್ನು ಕತ್ತರಿಸಿ ಎಸೆದರು. ಉಳಿದ ಭಾಗಕ್ಕೆ ಆಯಾ ಭಾಷೆಯ ಎಚ್ಚರಿಕೆಯ ಮಾತುಗಳು ಅಂಟಿಕೊಂಡವು. ಮಕ್ಕಳ ಕಳ್ಳರು ನಮ್ಮ ಊರುಗಳಿಗೂ ಬಂದಿದ್ದಾರೆಂಬ ಸುದ್ದಿ ಭಾರತದ ರಾಜ್ಯ ರಾಜ್ಯಗಳಲ್ಲಿ ಹರಡಿತು. ಸಾಲಾಗಿ ಮಲಗಿಸಿದ ಮಕ್ಕಳ ಶವಗಳ ಚಿತ್ರವೂ ಅದೇ ದಿನಗಳಲ್ಲಿ ಓಡಾಡಿತು. ಅದು ನಿಜಕ್ಕೂ 2013ರಲ್ಲಿ ಸಿರಿಯಾದ ಘೌಟಾದಲ್ಲಿ ವಿಷಾನಿಲಕ್ಕೆ ಬಲಿಯಾದ ಮಕ್ಕಳದು. ಒಂದು ದೇಶದ ನಟನೆ, ಇನ್ನೊಂದು ದೇಶದ ನಿಜವಾದ ದುಃಖ, ಎರಡೂ ಸೇರಿ ಮೂರನೆಯ ದೇಶದ ಹಳ್ಳಿಗಳಲ್ಲಿ ಹೊಸ ಸುಳ್ಳೊಂದು ಸೃಷ್ಟಿಯಾಯಿತು.

2018ರ ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನ ಮೂಲದ 26 ವರ್ಷದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಶಂಕಿಸಿದ ಗುಂಪು ಹಗ್ಗದಿಂದ ಕಟ್ಟಿ ಹೊಡೆದು ಕೊಂದಿತು. ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ ಇಂಥದೇ ಇನ್ನೊಂದು ಕೃತ್ಯ ನಡೆಯಿತು. ಹೈದರಾಬಾದಿನಿಂದ ಬಂದಿದ್ದ ಗೆಳೆಯರು, ಅವರಲ್ಲೊಬ್ಬರು ಕತಾರ್ ದೇಶದವರು, ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕೊಲೇಟ್ ಹಂಚಿದರು. ಅದೇ ಅನುಮಾನಕ್ಕೆ ಸಾಕಾಯಿತು. ಅವರು ಕಾರು ಹತ್ತಿ ಹೊರಟರೂ ಅವರಿಗಿಂತ ಮೊದಲೇ ವಾಟ್ಸ್ಆ್ಯಪ್ ಸಂದೇಶ ಮುರ್ಕಿ ಗ್ರಾಮವನ್ನು ತಲುಪಿತ್ತು. ಅಲ್ಲಿ ರಸ್ತೆಗೆ ಅಡ್ಡಗಟ್ಟಲಾಯಿತು, ಕಾರು ಪಲ್ಟಿಯಾಯಿತು, ಗುಂಪು ಎರಗಿತು. ಒಬ್ಬ ಯುವ ಎಂಜಿನಿಯರ್ ಪ್ರಾಣ ಬಿಟ್ಟರು. ರಕ್ಷಿಸಲು ಹೋದ ಪೊಲೀಸರೂ ಗಾಯಗೊಂಡರು. ಬಂಧಿತರಲ್ಲಿ ವಾಟ್ಸ್ಆ್ಯಪ್ ಗುಂಪಿನ ನಿರ್ವಾಹಕನೂ ಇದ್ದ. ಮತ್ತೆ ಈ ಹಲ್ಲೆಯೂ ಮೊಬೈಲುಗಳಲ್ಲಿ ಸೆರೆಯಾಗಿ ಇನ್ನೊಂದು ವಿಡಿಯೋ ಆಯಿತು! ಹೊಡೆಯುವ ಕೈಗಳ ನಡುವೆ ಚಿತ್ರೀಕರಿಸುವ ಕೈಗಳು.

ಈಗ ಆ ಚಿತ್ರಕ್ಕೆ ಮರಳೋಣ. ತಯಾರಿಸಿದವರ ಸದುದ್ದೇಶವನ್ನು ಸಂದೇಹಿಸಲು ಕಾರಣವಿಲ್ಲ. ಆದರೂ ಅದರ ರಚನೆಯಲ್ಲಿ ಒಂದು ದೋಷವಿದೆಯೆಂದು ಹೇಳಲೇಬೇಕು. ಭಯವನ್ನೆಲ್ಲ ಮೊದಲು ಸುರಿದು, ವಿವರಣೆಯನ್ನು ಕೊನೆಯ ಕೆಲವು ಕ್ಷಣಗಳಿಗೆ ಉಳಿಸಲಾಗಿದೆ. ಬಾಲದಲ್ಲಿ ಮಾತ್ರ ಸತ್ಯವಿರುವ ಕೃತಿಯ ಬಾಲವನ್ನು ಕತ್ತರಿಸುವುದು ಬಹಳ ಸುಲಭ. ಅಲ್ಲದೆ ಸಿಸಿಟಿವಿಯ ಮಸುಕು ನೋಟವನ್ನು ಅನುಕರಿಸಿದ್ದರಿಂದ, ಇದು ಯಾರೋ ರೂಪಿಸಿದ ದೃಶ್ಯವೆಂಬ ಸುಳಿವೇ ಉಳಿಯಲಿಲ್ಲ. ಸ್ಪಷ್ಟವಾದ ಚಿತ್ರವನ್ನು ಕಂಡರೆ ಸಿನಿಮಾ ಎನ್ನುವ ನಾವು ಮಸುಕಾದದ್ದನ್ನು ಸಾಕ್ಷ್ಯವೆಂದು ನಂಬುತ್ತೇವೆ. ಕಣ್ಣಿನ ಈ ಅಭ್ಯಾಸವನ್ನು ತಿದ್ದಿಕೊಳ್ಳುವುದೇ ಮಾಧ್ಯಮ ಸಾಕ್ಷರತೆಯ ಮೊದಲ ಪಾಠವಾಗಬೇಕು.

ನಮ್ಮ ಚನ್ನಗಿರಿ, ಹೊನ್ನಾಳಿ ಸೀಮೆಯ ಹಿರಿಯರು ದೊಡ್ಡಾಟವನ್ನು ನೋಡಿ ಬೆಳೆದವರು. ಅಲ್ಲಿಯೂ ಯುದ್ಧವಿದೆ, ವಧೆಯಿದೆ, ರಕ್ಕಸನ ಅಬ್ಬರವಿದೆ. ಮಕ್ಕಳು ನಡುರಾತ್ರಿಯಲ್ಲಿ ಬೆಚ್ಚಿ ತಾಯಿಯ ಸೆರಗು ಹಿಡಿಯುತ್ತಿದ್ದುದೂ ಉಂಟು. ಆದರೆ ರಂಗಕ್ಕೆ ಬಂದ ಪ್ರತಿಯೊಂದು ವೇಷವನ್ನೂ ಸಾರಥಿ ನಿಲ್ಲಿಸಿ ಕೇಳುತ್ತಾನೆ: ತಾವು ಯಾರು, ಯಾವ ಊರಿನವರು, ಬಂದ ಕಾರಣವೇನು? ರಾಜನಿಗೂ ವಿನಾಯಿತಿಯಿಲ್ಲ. ಭಾಗವತ ಕಥೆಯ ಎಳೆಯನ್ನು ಕೊನೆಯವರೆಗೂ ಬಿಡುವುದಿಲ್ಲ. ಮೊಬೈಲಿನ ಪರದೆಗೆ ಸಾರಥಿಯಿಲ್ಲ, ಭಾಗವತನಿಲ್ಲ. ಹಿಂಸೆ ಹೆಸರಿಲ್ಲದೆ, ಊರಿಲ್ಲದೆ, ಕಾರಣವಿಲ್ಲದೆ ಬರುತ್ತದೆ, ಹಾಗೆಯೇ ಹೋಗುತ್ತದೆ. ನೋಡುವ ಹದಿಹರೆಯದವನು ಒಬ್ಬನೇ ಇರುತ್ತಾನೆ.

ಆ ಒಂಟಿ ನೋಟದಲ್ಲಿ ಎಲ್ಲರೂ ಒಂದೇ ರೀತಿ ಪ್ರತಿಕ್ರಿಯಿಸುವುದಿಲ್ಲ. ಒಬ್ಬ ನಗುತ್ತಾನೆ, ಇನ್ನೊಬ್ಬ ಮುಖ ತಿರುಗಿಸುತ್ತಾನೆ, ಮತ್ತೊಬ್ಬಳಿಗೆ ರಾತ್ರಿ ನಿದ್ದೆ ಬಾರದು. ನಕ್ಕವನನ್ನು ಕ್ರೂರಿಯೆಂದು ತೀರ್ಮಾನಿಸಲು ನಾವು ಅವಸರಪಡುತ್ತೇವೆ. ಗೆಳೆಯರ ಮುಂದೆ ಅಂಜಿಕೆಯನ್ನು ಮುಚ್ಚಿಡಲೂ ನಗು ಬರುತ್ತದೆಂಬುದನ್ನು ಮರೆಯುತ್ತೇವೆ. ಪರದೆಯಲ್ಲಿ ಕಂಡದ್ದು ಪರದೆಯಲ್ಲೇ ಉಳಿಯುವುದಿಲ್ಲ. ಅಮೆರಿಕದ ಬಾಸ್ಟನ್ ಮ್ಯಾರಥಾನಿನಲ್ಲಿ 2013ರಲ್ಲಿ ಬಾಂಬ್ ಸ್ಫೋಟವಾದ ಮೇಲೆ ನಡೆಸಿದ ಅಧ್ಯಯನದಲ್ಲಿ, ಮುಂದಿನ ವಾರ ದಿನಕ್ಕೆ ಆರು ತಾಸಿಗೂ ಮಿಕ್ಕಿ ಆ ಸುದ್ದಿದೃಶ್ಯಗಳನ್ನು ನೋಡಿದವರಲ್ಲಿ, ಸ್ಥಳದಲ್ಲಿದ್ದವರಿಗಿಂತಲೂ ಹೆಚ್ಚಿನ ಮಾನಸಿಕ ಒತ್ತಡ ಕಂಡುಬಂದಿತ್ತು.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ನ್ಯೂಜಿಲೆಂಡಿನ ಒಂದು ಲೆಕ್ಕ. 2019ರ ಮಾರ್ಚ್ 15ರಂದು ಕ್ರೈಸ್ಟ್‌ಚರ್ಚಿನ ಮಸೀದಿಗಳಲ್ಲಿ ಪ್ರಾರ್ಥಿಸುತ್ತಿದ್ದವರನ್ನು ಕೊಂದವನು ಅದನ್ನು 17 ನಿಮಿಷ ಫೇಸ್‌ಬುಕ್ಕಿನಲ್ಲಿ ನೇರ ಪ್ರಸಾರ ಮಾಡಿದ. ನೇರವಾಗಿ ನೋಡಿದವರು 200ಕ್ಕಿಂತ ಕಡಿಮೆ. ಅವರಲ್ಲಿ ಒಬ್ಬರೂ ಪ್ರಸಾರದ ವೇಳೆ ಕಂಪನಿಗೆ ದೂರು ಕಳುಹಿಸಲಿಲ್ಲ. ಮೊದಲ ದೂರು ಬಂದದ್ದು ಪ್ರಸಾರ ಆರಂಭವಾಗಿ 29 ನಿಮಿಷಗಳ ಮೇಲೆ. ಆದರೆ ಮೊದಲ 24 ತಾಸುಗಳಲ್ಲಿ ಅದರ 15 ಲಕ್ಷ ಪ್ರತಿಗಳನ್ನು ಕಂಪನಿ ತೆಗೆದುಹಾಕಬೇಕಾಯಿತು. ಹಂಚಲು ಅಷ್ಟು ಚುರುಕಾದ ಕೈ ತಡೆಯಲು ಏಕೆ ಏಳಲಿಲ್ಲ?

ಕಂಪನಿಗಳು ಏನೂ ಮಾಡಲಿಲ್ಲವೆಂದಲ್ಲ. 2018ರ ಜುಲೈನಲ್ಲಿ ವಾಟ್ಸ್ಆ್ಯಪ್ ಬೇರೆಯವರಿಂದ ಬಂದ ಸಂದೇಶಕ್ಕೆ ಗುರುತು ಹಚ್ಚಿತು, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳುಹಿಸುವ ಮಿತಿ ಹೇರಿತು. ಅದೇ ತಿಂಗಳು 17ರಂದು ಸುಪ್ರೀಂ ಕೋರ್ಟ್ ಗುಂಪು ಹತ್ಯೆಗಳನ್ನು ತಡೆಯಲು ಸರ್ಕಾರಗಳಿಗೆ ನಿರ್ದೇಶನ ನೀಡಿತು. ಒಳ್ಳೆಯದೇ. ಆದರೆ ಐದು ಮನೆ ತಲುಪಿದ ಭಯಕ್ಕೆ ಆರನೆಯ ಮನೆ ದೂರವೇನಲ್ಲ. ಇನ್ನೊಂದು ಮಾತನ್ನೂ ಮುಚ್ಚಿಡಬಾರದು: ಆ ಸುಳ್ಳನ್ನು ಹರಡಿದವರೆಲ್ಲ ದುಷ್ಟರಲ್ಲ. ಬಹುಪಾಲು ತಂದೆ ತಾಯಂದಿರೇ, ಮಕ್ಕಳ ಮೇಲಿನ ಮಮತೆಯಿಂದಲೇ ಮುಂದಕ್ಕೆ ಕಳುಹಿಸಿದರು. ಕೇಡಿನ ಸಂದೇಶಕ್ಕೆ ಕೆಟ್ಟ ಮನಸ್ಸೇ ಬೇಕೆಂದಿಲ್ಲ, ಹೆದರಿದ ಒಳ್ಳೆಯ ಮನಸ್ಸೂ ಸಾಕಾಗುತ್ತದೆ. ಹೀಗಿರುವಾಗ ಮಕ್ಕಳಿಗೆ ಮಾತ್ರ ಪಾಠ ಹೇಳಿ ನಾವು ಪಾರಾಗುವಂತಿಲ್ಲ.

ಕತ್ತಲಗೆರೆಯಂಥ ಊರಿಗೆ ಇದು ದೂರದ ಮಾತೆನಿಸಬಹುದು. ಹಾಗೇನಿಲ್ಲ. ಭದ್ರಾ ಕಾಲುವೆಯ ನೀರುಣ್ಣುವ ಈ ಗದ್ದೆಗಳ ಕಡೆಗೆ ಸುಗ್ಗಿಯಲ್ಲಿ ಕೊಯ್ಲು ಯಂತ್ರದವರು ಬರುತ್ತಾರೆ. ಕಂಬಳಿ, ಪಾತ್ರೆ ಮಾರುವವರು ಬೇರೆ ಭಾಷೆಯಾಡುತ್ತಾ ಓಣಿ ಸುತ್ತುತ್ತಾರೆ. ಅವರಲ್ಲೊಬ್ಬ ಬಾಗಿಲ ಮುಂದೆ ಆಡುವ ಮಗುವಿಗೆ ಪೆಪ್ಪರ್‌ಮಿಂಟ್ ಕೊಟ್ಟಾನು. ಅಂದು ಓಣಿಯ ಮೊಬೈಲುಗಳಲ್ಲಿ ಯಾವ ವಿಡಿಯೋ ಇರುತ್ತದೆ ಎಂಬುದರ ಮೇಲೆ ಅವನ ಜೀವ ನಿಂತಿರಬಹುದು.

ನೆರೆಯ ಕೇರಳದ ಕಣ್ಣೂರು ಜಿಲ್ಲೆಯ ಆಡಳಿತ 2018ರಲ್ಲೇ ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ಸುಳ್ಳು ಸುದ್ದಿಯನ್ನು ಗುರುತಿಸುವ ತರಗತಿಗಳನ್ನು ನಡೆಸಿತು. ಮನೆಯಲ್ಲಿ ಇದಕ್ಕೆ ಪಠ್ಯಪುಸ್ತಕ ಬೇಡ. ಆ ಕರಾಚಿ ಚಿತ್ರದ ಪೂರ್ಣ ರೂಪವನ್ನು ಹುಡುಕಿ ಮಕ್ಕಳ ಜೊತೆ ಕುಳಿತು ನೋಡಿರಿ. ಬೈಕು ಓಣಿಯ ತಿರುವಿನಲ್ಲಿ ಮರೆಯಾದೊಡನೆ ನಿಲ್ಲಿಸಿ, ಮುಂದೇನಾಗಿರಬಹುದೆಂದು ಕೇಳಿರಿ, ಅವರು ಹೇಳುವುದನ್ನು ಅಡ್ಡಬಾಯಿ ಹಾಕದೆ ಆಲಿಸಿರಿ. ಆಮೇಲೆ ಉಳಿದ ಭಾಗವನ್ನು ತೋರಿಸಿರಿ.