ಗುಣಪಡಿಸುವವರ ರಾಜ್ಯದಲ್ಲಿ

ವೈದ್ಯರೇ ಆಳುವ, ಇಲ್ಲವೇ ಆಳುವವರ ಪರವಾಗಿ ವೈದ್ಯರು ಕೆಲಸ ಮಾಡುವ ಕಲ್ಪಿತ ರಾಜ್ಯಗಳು ವೈಜ್ಞಾನಿಕ ಕಥಾಸಾಹಿತ್ಯದಲ್ಲಿ ಒಂದೂವರೆ ಶತಮಾನದಿಂದ ಬರುತ್ತಲೇ ಇವೆ. ಡಿಸ್ಟೋಪಿಯ ಎಂದು ಹೆಸರಾದ ದುಃಸ್ವಪ್ನದ ಕಥನಗಳಲ್ಲಿ ಇವುಗಳದು ಬೇರೆಯೇ ಒಂದು ಕವಲು. ಪೊಲೀಸರ ರಾಜ್ಯದಲ್ಲಿ ತನ್ನನ್ನು ಹಿಂಸಿಸುವವರು ಯಾರೆಂದು ಪ್ರಜೆಗೆ ಗೊತ್ತಿರುತ್ತದೆ. ವೈದ್ಯರ ರಾಜ್ಯದಲ್ಲಿ ಎದುರು ಕುಳಿತವರು ಅವನ ಒಳಿತನ್ನೇ ಬಯಸುತ್ತಾರೆ. ಆ ಒಳಿತು ಬೇಡವೆಂದರೆ ಅದೂ ಕಾಯಿಲೆಯ ಲಕ್ಷಣವೆಂದು ದಾಖಲಾಗುತ್ತದೆ. ಈ ಇಕ್ಕಟ್ಟನ್ನು ಸರಿಯಾಗಿ ಹಿಡಿದ ಕೃತಿಗಳು ಇಂದಿಗೂ ಓದಿಸಿಕೊಳ್ಳುತ್ತವೆ. ಬಿಳಿ ಕೋಟು ತೊಟ್ಟ ರಾಕ್ಷಸನನ್ನು ತಂದು ನಿಲ್ಲಿಸಿದವು ಬೇಗ ಹಳತಾಗಿವೆ. ಮನುಷ್ಯನ ಸಮ್ಮತಿ ಯಾವ ಗಳಿಗೆಯಲ್ಲಿ, ಯಾರ ಮುಂದೆ ಕೈಜಾರಿತು ಎಂಬುದನ್ನು ಎಷ್ಟು ಖಚಿತವಾಗಿ ತೋರಿಸುತ್ತದೆ ಎಂಬುದರಿಂದಲೇ ಇಂಥ ಕೃತಿಯನ್ನು ತೂಗಬೇಕು.

ಕವಲಿನ ಆರಂಭಕ್ಕೆ ಸ್ಯಾಮ್ಯುಯೆಲ್ ಬಟ್ಲರ್‌ನ ‘ಎರೆವಾನ್’ (1872) ಇದೆ. ಆ ನಾಡಿನಲ್ಲಿ ಕಾಯಿಲೆ ಬೀಳುವುದು ಅಪರಾಧ. ಕ್ಷಯರೋಗಿಯೊಬ್ಬನನ್ನು ಕಟಕಟೆಯಲ್ಲಿ ನಿಲ್ಲಿಸಿ ವಿಚಾರಣೆ ನಡೆಸುತ್ತಾರೆ, ಶಿಕ್ಷೆ ಕೊಡುತ್ತಾರೆ. ಹಣ ನುಂಗಿದವನಿಗೆ ಮಾತ್ರ ಚಿಕಿತ್ಸೆ, ಪಥ್ಯ, ನೆಂಟರಿಷ್ಟರ ಸಾಂತ್ವನ. ಆಸ್ಪತ್ರೆ ಮತ್ತು ಸೆರೆಮನೆಗಳ ನಡುವಿನ ಗೋಡೆ ತೀರ ತೆಳುವಾದದ್ದು ಎಂಬ ಮುಂದಿನ ಎಲ್ಲ ಕೃತಿಗಳ ಮೂಲಸೂತ್ರ ಇಲ್ಲಿ ವಿಡಂಬನೆಯ ವೇಷದಲ್ಲಿ ಸಿಗುತ್ತದೆ. ಜೂಲ್ ರೋಮ್ಯಾಂನ ಫ್ರೆಂಚ್ ನಾಟಕ ‘ಕ್ನಾಕ್’ (1923) ವಿಜ್ಞಾನಕಥೆಯಲ್ಲ, ಪ್ರಹಸನ. ಆದರೂ ಅದನ್ನು ಇಲ್ಲಿ ನೆನೆಯಲೇಬೇಕು. ಗುಡ್ಡಗಾಡಿನ ಊರಿಗೆ ಬಂದ ಹೊಸ ಡಾಕ್ಟರು ಉಚಿತ ತಪಾಸಣೆಯೆಂದು ಡಂಗುರ ಹೊಡೆಸುತ್ತಾನೆ. ಮೂರೇ ತಿಂಗಳಲ್ಲಿ ಊರಿಗೆ ಊರೇ ಹಾಸಿಗೆ ಹಿಡಿಯುತ್ತದೆ. ಯಾರ ಮೇಲೂ ಬಲಾತ್ಕಾರವಿಲ್ಲ. ಆರೋಗ್ಯವಂತನೆಂದರೆ ಇನ್ನೂ ಕಾಯಿಲೆ ಪತ್ತೆಯಾಗದವನು ಎಂಬ ನಂಬಿಕೆಯೊಂದೇ ಸಾಕಾಯಿತು.

ಎರಡು ಮಹಾಯುದ್ಧಗಳ ನಡುವೆ ಈ ಕಥನಕ್ಕೆ ಗಾಂಭೀರ್ಯ ಬಂದದ್ದು ಹೊರಜಗತ್ತಿನ ಘಟನೆಗಳಿಂದ. ಅಮೆರಿಕದ ಇಂಡಿಯಾನಾ ರಾಜ್ಯ 1907ರಲ್ಲೇ ಕಡ್ಡಾಯ ಸಂತಾನಹರಣದ ಕಾಯಿದೆ ತಂದಿತ್ತು. 1927ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ವರ್ಜೀನಿಯಾದ ಅಂಥದ್ದೇ ಕಾಯಿದೆಯನ್ನು ಎತ್ತಿಹಿಡಿಯಿತು. 1933ರ ಜರ್ಮನ್ ಕಾಯಿದೆಯ ಅಡಿಯಲ್ಲಿ ಸುಮಾರು 4 ಲಕ್ಷ ಜನರಿಗೆ ಆ ಶಸ್ತ್ರಚಿಕಿತ್ಸೆಯಾಯಿತು. ‘ಸುಪ್ರಜನನ’ ಎಂಬ ಮಂಗಳಕರ ಹೆಸರಿನ ಶಾಸ್ತ್ರ ಆಗ ಪ್ರಗತಿಪರರ ಮಾತಾಗಿತ್ತು ಎಂಬುದನ್ನು ಮರೆತರೆ ಆ ಕಾಲದ ಕಾದಂಬರಿಗಳ ಆತಂಕ ಅರ್ಥವಾಗುವುದಿಲ್ಲ.

ಎವ್ಗೆನಿ ಝಮ್ಯಾತಿನ್‌ನ ‘ನಾವು’ ಮೊದಲು ಅಚ್ಚಾದದ್ದು 1924ರಲ್ಲಿ, ನ್ಯೂಯಾರ್ಕಿನಲ್ಲಿ, ಇಂಗ್ಲಿಷ್ ಅನುವಾದವಾಗಿ. ಲೇಖಕನ ತಾಯ್ನಾಡಿನ ಓದುಗರು 1988ರ ತನಕ ಕಾಯಬೇಕಾಯಿತು. ಅದರ ನಿರೂಪಕ ಡಿ-503 ಪ್ರೇಮದಲ್ಲಿ ಬಿದ್ದು ಕಂಗಾಲಾಗಿ ವೈದ್ಯರ ಬಳಿ ಹೋದಾಗ ನಿನ್ನೊಳಗೆ ಆತ್ಮವೊಂದು ಹುಟ್ಟಿಕೊಂಡಿದೆ ಎಂಬ ರೋಗನಿರ್ಣಯ ಸಿಗುತ್ತದೆ. ಕೊನೆಗೆ ಕ್ಷ-ಕಿರಣಗಳಿಂದ ಕಲ್ಪನಾಶಕ್ತಿಯನ್ನು ಸುಟ್ಟುಹಾಕುವ ‘ಮಹಾ ಶಸ್ತ್ರಚಿಕಿತ್ಸೆ’ ಅವನಿಗೂ ಆಗುತ್ತದೆ. ತಾನು ಪ್ರೀತಿಸಿದವಳ ಚಿತ್ರಹಿಂಸೆಯನ್ನು ಅವನು ತಣ್ಣಗೆ ನೋಡುತ್ತ ಕೂರುತ್ತಾನೆ. ವಿಮರ್ಶಕರು ಹೆಚ್ಚು ಗಮನಿಸದ ಒಂದು ವಿವರ ಇಲ್ಲಿದೆ. ಬಂಡಾಯಗಾರ್ತಿಯಾದ ಅವಳಿಗೆ ಸುಳ್ಳು ಕಾಯಿಲೆಯ ಸರ್ಟಿಫಿಕೇಟು ಬರೆದುಕೊಡುವವನೂ ಒಬ್ಬ ವೈದ್ಯನೇ. ಕಟ್ಟಿಹಾಕುವ ಅಧಿಕಾರವಿರುವ ಕೈಗೇ ಬಿಡಿಸುವ ಅಧಿಕಾರವೂ ಇರುತ್ತದೆ ಎಂಬ ಈ ಸೂಕ್ಷ್ಮವನ್ನು ಮುಂದಿನ ಬಹುಪಾಲು ಲೇಖಕರು ಕಳೆದುಕೊಂಡರು.

ಆಲ್ಡಸ್ ಹಕ್ಸ್‌ಲಿಯ ‘ಬ್ರೇವ್ ನ್ಯೂ ವರ್ಲ್ಡ್’ (1932) ಎಂದರೆ ಪ್ರಯೋಗಾಲಯದ ಬಾಟಲಿಗಳಲ್ಲಿ ಬೆಳೆಯುವ ಶಿಶುಗಳು ಮತ್ತು ವೇದದಿಂದ ಹೆಸರು ಎರವಲು ಪಡೆದ ‘ಸೋಮ’ ಎಂಬ ಮಾತ್ರೆ ಎಲ್ಲರಿಗೂ ನೆನಪಾಗುತ್ತವೆ. ಆದರೆ ಪುಸ್ತಕದ ಜೀವ ಇರುವುದು ಲಿಂಡಾಳ ಸಾವಿನಲ್ಲಿ. ಅವಳು ಬೇಡಿದಷ್ಟು ಸೋಮ ಕೊಡಲು ಡಾಕ್ಟರು ಒಪ್ಪುತ್ತಾನೆ. ಅದರಿಂದ ಅವಳ ಆಯುಸ್ಸು ಒಂದೆರಡು ತಿಂಗಳಿಗೆ ಇಳಿಯುತ್ತದೆ ಎಂಬುದನ್ನು ಮುಚ್ಚಿಡುವುದೂ ಇಲ್ಲ. ಅವಳು ಸುಖವಾಗಿದ್ದಾಳೆ, ಮುಪ್ಪಿನವಳನ್ನು ಉಳಿಸಿಕೊಂಡು ಯಾರಿಗೂ ಆಗಬೇಕಾದ್ದಿಲ್ಲ. ಸಾಯುವವರಿಗೆಂದೇ ಕಟ್ಟಿದ ಆಸ್ಪತ್ರೆಯಲ್ಲಿ ಅವಳ ಮಂಚದ ಸುತ್ತ ಮಕ್ಕಳು ಸಿಹಿ ತಿನ್ನುತ್ತ ಆಡುತ್ತಾರೆ, ಸಾವಿನ ಭಯ ಹೋಗಲೆಂದು. ಮಗ ಜಾನ್‌ಗೆ ಅಳಲೂ ಜಾಗವಿಲ್ಲ. ಇಲ್ಲಿ ಯಾರೂ ಕ್ರೂರಿಗಳಲ್ಲ. ದುಃಖಕ್ಕೆ ಅರ್ಥವಿದೆಯೆಂದು ಬಲ್ಲವರೇ ಇಲ್ಲ. ಹಕ್ಸ್‌ಲಿ ಸೋಲುವುದು ಪ್ರತಿಪಕ್ಷವನ್ನು ಕಟ್ಟುವಾಗ. ಜಾನ್ ಎತ್ತಿಹಿಡಿಯುವ ಸ್ವಾತಂತ್ರ್ಯ ಚಾಟಿಯೇಟಿನ ಆತ್ಮಹಿಂಸೆಯಲ್ಲಿ, ನೇಣಿನಲ್ಲಿ ಕೊನೆಗೊಳ್ಳುತ್ತದೆ. ಮಂಕು ಸುಖ, ಹುಚ್ಚು ನೋವು ಎಂಬ ಎರಡೇ ದಾರಿ ಅಲ್ಲಿ ಉಳಿದದ್ದು ತನ್ನ ಕೃತಿಯ ದೊಡ್ಡ ಕೊರತೆಯೆಂದು ಹಕ್ಸ್‌ಲಿಯೇ ಮುಂದೆ ಒಪ್ಪಿಕೊಂಡ.

ಯುದ್ಧಾನಂತರ ಕಥೆ ಮಿದುಳಿಗೆ ಇಳಿಯಿತು. ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಲೊಬಾಟಮಿಯನ್ನು 1935ರಲ್ಲಿ ಆರಂಭಿಸಿದ ಎಗಾಸ್ ಮೊನಿಝ್‌ಗೆ 1949ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಪ್ರಯೋಗಕ್ಕೆ ಒಳಗಾಗುವವರ ಸ್ವಯಂಪ್ರೇರಿತ ಸಮ್ಮತಿ ಅನಿವಾರ್ಯ ಎಂದು ನ್ಯೂರೆಂಬರ್ಗ್ ಸಂಹಿತೆ ಸಾರಿ ಆಗ ಎರಡೇ ವರ್ಷವಾಗಿತ್ತು. ಆಂಥೊನಿ ಬರ್ಜೆಸ್‌ನ ‘ಎ ಕ್ಲಾಕ್‌ವರ್ಕ್ ಆರೆಂಜ್’ (1962) ಈ ಎರಡು ಘಟನೆಗಳ ನಡುವಿನ ಬಿರುಕಿನಲ್ಲಿ ನಿಂತಿದೆ. ಕೊಲೆಗಾರ ಅಲೆಕ್ಸ್ 14 ವರ್ಷದ ಸೆರೆವಾಸದಿಂದ ತಪ್ಪಿಸಿಕೊಳ್ಳುವ ಆಸೆಗೆ ಚಿಕಿತ್ಸೆಯ ಕಾಗದಕ್ಕೆ ತಾನಾಗಿಯೇ ಸಹಿ ಹಾಕುತ್ತಾನೆ. ಆ ಚಿಕಿತ್ಸೆ ಏನೆಂದು ಅವನಿಗೆ ತಿಳಿಯದು. ಸಹಿ ಇದೆ, ಸಮ್ಮತಿ ಇಲ್ಲ. ನಗುಮೊಗದ ಡಾಕ್ಟರು ಚುಚ್ಚುಮದ್ದು ಕೊಡುತ್ತಾನೆ, ಹಿಂಸೆಯ ಚಿತ್ರಗಳನ್ನು ತೋರಿಸುತ್ತಾರೆ, ಹಿಂಸೆಯ ನೆನಪಾದರೆ ಸಾಕು ಹೊಟ್ಟೆ ತೊಳಸುವಂತಾಗುತ್ತದೆ. ಜೊತೆಗೆ ಬೀಥೋವನ್‌ನ ಸಂಗೀತವೂ ಅವನ ಪಾಲಿಗೆ ವಿಷವಾಗುತ್ತದೆ. ಅನುಕಂಪಕ್ಕೆ ಸ್ವಲ್ಪವೂ ಅರ್ಹನಲ್ಲದವನನ್ನು ಆರಿಸಿಕೊಂಡಿದ್ದರಿಂದ ಬರ್ಜೆಸ್‌ನ ವಾದಕ್ಕೆ ಬಲ ಬಂದಿದೆ. ಒಳ್ಳೆಯವನ ಸ್ವಾತಂತ್ರ್ಯಕ್ಕಾಗಿ ಕಣ್ಣೀರು ಹಾಕುವುದು ಸುಲಭ. ಆದರೆ ಅಲೆಕ್ಸ್‌ನ ಕೈಗೆ ಸಿಕ್ಕಿ ನರಳಿದವರು, ಅದರಲ್ಲೂ ಹೆಂಗಸರು, ಈ ತತ್ತ್ವಚರ್ಚೆಯ ಹೊರಗೇ ಉಳಿದುಹೋದರು.

ಆ ಹೊರಗುಳಿದವರ ಕಡೆಯಿಂದ ಬಂದ ಉತ್ತರ ಮಾರ್ಜ್ ಪಿಯರ್ಸಿಯ ‘ವುಮನ್ ಆನ್ ದಿ ಎಡ್ಜ್ ಆಫ್ ಟೈಮ್’ (1976). ಇಡೀ ಪರಂಪರೆಯಲ್ಲಿ ಅಧಿಕಾರದ ನಿತ್ಯದ ನಡೆಯನ್ನು ಇಷ್ಟು ಹತ್ತಿರದಿಂದ ಕಂಡ ಮತ್ತೊಂದು ಕೃತಿ ಇಲ್ಲ. ಕಾನಿ ರಾಮೋಸ್ ನ್ಯೂಯಾರ್ಕಿನ ಬಡ ಮೆಕ್ಸಿಕನ್ ಮೂಲದ ಹೆಂಗಸು. ಸೋದರ ಸೊಸೆಯನ್ನು ಹೊಡೆಯಲು ಬಂದ ತಲೆಹಿಡುಕನಿಗೆ ತಿರುಗಿ ಹೊಡೆದದ್ದಕ್ಕೆ ಅವಳನ್ನು ಮಾನಸಿಕ ಆಸ್ಪತ್ರೆಗೆ ಸೇರಿಸುತ್ತಾರೆ. ಒಡಹುಟ್ಟಿದವನೇ ಕಾಗದಕ್ಕೆ ಸಹಿ ಹಾಕುತ್ತಾನೆ. ನೋವೆಂದು ಅತ್ತರೆ ರೋಗ ಉಲ್ಬಣಿಸಿದೆ, ಸುಮ್ಮನಿದ್ದರೆ ಖಿನ್ನತೆ, ಸಿಟ್ಟು ಮಾಡಿಕೊಂಡರೆ ಆಕ್ರಮಣಶೀಲತೆ. ಕೊನೆಗೆ ಮಿದುಳಿಗೆ ಎಲೆಕ್ಟ್ರೋಡ್ ಕೂರಿಸುವ ಪ್ರಯೋಗಕ್ಕೆ ಅವಳೂ ಆಯ್ಕೆಯಾಗುತ್ತಾಳೆ. ಇದು ಕೇವಲ ಕಲ್ಪನೆಯಾಗಿರಲಿಲ್ಲ: ಮಾರ್ಕ್ ಮತ್ತು ಅರ್ವಿನ್ ಎಂಬ ವೈದ್ಯರು 1970ರಲ್ಲಿ ತಮ್ಮ ಪುಸ್ತಕದಲ್ಲಿ ಹಿಂಸಾಚಾರಕ್ಕೆ ಮಿದುಳಿನ ಚಿಕಿತ್ಸೆಯನ್ನು ಗಂಭೀರವಾಗಿ ಮುಂದಿಟ್ಟಿದ್ದರು.

ಕಾನಿಗೆ 2137ರ ಒಂದು ಊರಿನೊಡನೆ ಮನಸ್ಸಿನ ಸಂಪರ್ಕ ಸಾಧ್ಯವಾಗುತ್ತದೆ. ಆ ಊರಿನಲ್ಲೂ ಮತಿ ಕೆಟ್ಟವರಿದ್ದಾರೆ, ಆರೈಕೆಯ ಮನೆಯಿದೆ. ಆದರೆ ಅಲ್ಲಿಗೆ ಹೋಗುವುದು, ಮರಳುವುದು ಅವರವರ ಇಚ್ಛೆ. ವೈದ್ಯವನ್ನೇ ತಳ್ಳಿಹಾಕದೆ ಅದನ್ನು ಬೇರೆ ರೀತಿ ನಡೆಸಬಹುದೆಂದು ತೋರಿಸಿದ್ದು ಪಿಯರ್ಸಿಯ ಹೆಚ್ಚುಗಾರಿಕೆ. ಪುಸ್ತಕದ ಕೊನೆಯಲ್ಲಿರುವುದು ಕಾನಿಯ ಆಸ್ಪತ್ರೆ ಕಡತದ ಆಯ್ದ ಪುಟಗಳು. ಮುನ್ನೂರಕ್ಕೂ ಹೆಚ್ಚು ಪುಟ ಅವಳ ಒಳಗನ್ನು ಕಂಡ ಓದುಗನ ಮುಂದೆ ಕಡತದ ಒಣ ವಾಕ್ಯಗಳು ಬರುತ್ತವೆ. ಒಡಹುಟ್ಟಿದವನ ಒಪ್ಪವಾದ ಉಡುಪನ್ನು ಗಮನಿಸಿದ ಕಡತ ಅವನ ಮಾತನ್ನು ನಂಬಿದೆ. ಅವಳ ಮಾತಿಗೆ ಅಲ್ಲಿ ಜಾಗವೇ ಇಲ್ಲ.

ಮಾತಿನ ಮೇಲಿನ ಈ ಹಿಡಿತವನ್ನೇ ಮುಖ್ಯ ವಸ್ತುವಾಗಿಸಿಕೊಂಡ ಕೃತಿಗಳೂ ಇವೆ. ಐರಾ ಲೆವಿನ್‌ನ ‘ದಿಸ್ ಪರ್ಫೆಕ್ಟ್ ಡೇ’ (1970)ಯಲ್ಲಿ ತಿಂಗಳಿಗೊಮ್ಮೆ ಎಲ್ಲರಿಗೂ ‘ಚಿಕಿತ್ಸೆ’. ಗೆಳೆಯನ ಬಂಡಾಯದ ಸುಳಿವು ಕೊಡುವುದು ದ್ರೋಹವಲ್ಲ, ‘ನೆರವು’. ಲೋಯಿಸ್ ಲೌರಿಯ ‘ದಿ ಗಿವರ್’ (1993) ಮಕ್ಕಳ ಓದಿಗೆ ಬರೆದದ್ದಾದರೂ ಸೂಜಿಮದ್ದಿನಿಂದ ಕೊಲ್ಲುವುದಕ್ಕೆ ‘ಬಿಡುಗಡೆ’ ಎಂಬ ಹೆಸರಿಟ್ಟು ನಡುಗಿಸುತ್ತದೆ. ಕಾಜುವೊ ಇಶಿಗುರೊನ ‘ನೆವರ್ ಲೆಟ್ ಮಿ ಗೋ’ (2005)ದ ತದ್ರೂಪಿಗಳು ಸಾಯುವುದಿಲ್ಲ, ‘ಪೂರ್ಣವಾಗುತ್ತಾರೆ’. ಅವರ ಅಂಗಗಳನ್ನು ಕೀಳುವುದು ‘ದಾನ’. ಓಡಿಹೋಗುವ ಯೋಚನೆ ಅವರಿಗೆ ಬರುವುದೇ ಇಲ್ಲವೇಕೆ ಎಂದು ಅನೇಕ ಓದುಗರು ಕೇಳಿದ್ದಾರೆ. ಬೇಡವೆನ್ನಲು ಬೇಕಾದ ಪದವೇ ಅವರಿಗೆ ಕಲಿಸಿದ ಭಾಷೆಯಲ್ಲಿಲ್ಲ; ಅವರ ಸಮ್ಮತಿಯನ್ನು ಯಾರೂ ಕಿತ್ತುಕೊಳ್ಳಬೇಕಾಗಿಯೇ ಇರಲಿಲ್ಲ.

ಇಪ್ಪತ್ತೊಂದನೆಯ ಶತಮಾನದ ಎರಡು ಮುಖ್ಯ ಕೃತಿಗಳು ಕೆಲವೇ ತಿಂಗಳ ಅಂತರದಲ್ಲಿ, ಒಂದರ ಸುದ್ದಿ ಇನ್ನೊಂದಕ್ಕಿಲ್ಲದೆ, ಜಪಾನ್ ಮತ್ತು ಜರ್ಮನಿಯಲ್ಲಿ ಬಂದವು. ಪ್ರಾಜೆಕ್ಟ್ ಇಟೊ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಲೇಖಕ ‘ಹಾರ್ಮೊನಿ’ (2008) ಬರೆದದ್ದು ಕ್ಯಾನ್ಸರಿನೊಡನೆ ಹೋರಾಡುತ್ತ. ಮರುವರ್ಷ 34ನೇ ವಯಸ್ಸಿಗೆ ತೀರಿಕೊಂಡ. ಅಣುದುರಂತದ ನಂತರದ ಅವನ ಜಗತ್ತಿನಲ್ಲಿ ಸರ್ಕಾರಗಳ ಜಾಗಕ್ಕೆ ಆರೋಗ್ಯ ಸಂಸ್ಥೆಗಳು ಬಂದಿವೆ. ಜಪಾನಿಯಲ್ಲಿ ‘ಸರ್ಕಾರ’ ಎಂಬ ಪದದ ಮೊದಲ ಅಕ್ಷರವನ್ನು ‘ಜೀವ’ ಎಂಬ ಅಕ್ಷರಕ್ಕೆ ಬದಲಿಸಿ, ಉಚ್ಚಾರಣೆ ಹಾಗೆಯೇ ಉಳಿಸಿಕೊಂಡು ಅವನು ಅವುಗಳಿಗೆ ಹೆಸರಿಟ್ಟ. ಪ್ರತಿ ವಯಸ್ಕನ ಒಳಗೂ ದೇಹವನ್ನು ಕಾಯುವ ಸೂಕ್ಷ್ಮಯಂತ್ರಗಳು. ದೇಹ ಸಮಾಜದ ಸೊತ್ತು. ಅದನ್ನು ಕೆಡಿಸಿಕೊಳ್ಳುವುದು ಅಸಭ್ಯತೆ. ಈ ಪ್ರೀತಿಯ ಉಸಿರುಗಟ್ಟುವಿಕೆಗೆ ಮೂವರು ಹುಡುಗಿಯರು ಉಪವಾಸ ಬಿದ್ದು ಸಾಯಲು ಹೊರಡುತ್ತಾರೆ. 40ರಿಂದ 74 ವರ್ಷದವರ ಸೊಂಟದ ಸುತ್ತಳತೆ ತೆಗೆಯುವ ಆರೋಗ್ಯ ತಪಾಸಣೆಯ ವ್ಯವಸ್ಥೆ ಜಪಾನಿನಲ್ಲಿ ಜಾರಿಗೆ ಬಂದದ್ದೂ ಅದೇ 2008ರಲ್ಲಿ. ಸಾವಿನ ಹೊಸ್ತಿಲಲ್ಲಿದ್ದವನು ಆರೋಗ್ಯದ ಅತಿರೇಕವನ್ನು ಹೀಗೆ ಕಂಡದ್ದರಲ್ಲಿ ಕಹಿಯಿಲ್ಲ. ಬದುಕಿಸುವ ಯಂತ್ರಗಳ ಬೆಲೆಯೂ ಅವನಿಗೆ ತಿಳಿದಿತ್ತು.

ಯೂಲಿ ಝೇ ವೃತ್ತಿಯಿಂದ ಕಾನೂನು ಬಲ್ಲವಳು; 2019ರಲ್ಲಿ ಬ್ರಾಂಡನ್‌ಬರ್ಗ್ ರಾಜ್ಯದ ಸಾಂವಿಧಾನಿಕ ನ್ಯಾಯಾಲಯದ ಗೌರವ ನ್ಯಾಯಾಧೀಶೆಯೂ ಆದಳು. 2007ರಲ್ಲಿ ನಾಟಕವಾಗಿ, 2009ರಲ್ಲಿ ಕಾದಂಬರಿಯಾಗಿ ಬಂದ ಅವಳ ‘ಕಾರ್ಪಸ್ ಡೆಲಿಕ್ಟಿ’ ಮೊಕದ್ದಮೆಯ ರೂಪದಲ್ಲೇ ಇದೆ. ತಮ್ಮನ ಸಾವಿನ ದುಃಖದಲ್ಲಿ ಮಿಯಾ ಹೋಲ್ ನಿದ್ರೆಯ, ಆಹಾರದ, ವ್ಯಾಯಾಮದ ವರದಿ ಸಲ್ಲಿಸುವುದನ್ನು ನಿಲ್ಲಿಸುತ್ತಾಳೆ. ಅಷ್ಟಕ್ಕೇ ಸಮನ್ಸ್ ಬರುತ್ತದೆ. ಡಿಎನ್‌ಎ ಸಾಕ್ಷ್ಯದ ಮೇಲೆ ತಮ್ಮನಿಗೆ ಶಿಕ್ಷೆಯಾಗಿತ್ತು. ಎಳವೆಯಲ್ಲಿ ರಕ್ತಕ್ಯಾನ್ಸರಿಗೆ ಪಡೆದ ಅಸ್ಥಿಮಜ್ಜೆಯಿಂದಾಗಿ ಅವನಲ್ಲಿ ದಾನಿಯ ಡಿಎನ್‌ಎ ಇತ್ತೆಂದು ಆಮೇಲೆ ತಿಳಿಯುತ್ತದೆ. ಅವನನ್ನು ಬದುಕಿಸಿದ ಚಿಕಿತ್ಸೆಯೇ ಅವನ ವಿರುದ್ಧ ಸಾಕ್ಷಿ ಹೇಳಿದ ಈ ತಿರುವು ಝೇಯ ದೊಡ್ಡ ಸಾಧನೆ. ಪಾತ್ರಗಳು ಮಾತ್ರ ಹಲವೆಡೆ ವಕೀಲರ ವಾದಪತ್ರದಂತೆ ಮಾತಾಡುತ್ತವೆ.

2020ರ ಸಾಂಕ್ರಾಮಿಕದ ನಂತರ ಇಂಥ ಕಾದಂಬರಿಗಳನ್ನು ಲಸಿಕೆ ಮತ್ತು ಮಾಸ್ಕುಗಳ ವಿರುದ್ಧ ಪುರಾವೆಯಂತೆ ಬಳಸಿದವರಿದ್ದಾರೆ. ಆ ಓದು ನಿಲ್ಲುವುದಿಲ್ಲ. ಝೇಯ ರಾಜ್ಯದಲ್ಲೂ ಇಟೊನ ರಾಜ್ಯದಲ್ಲೂ ರೋಗ ಬಹುಮಟ್ಟಿಗೆ ಅಳಿದುಹೋಗಿದೆ. ರೋಗವಿಲ್ಲದಿದ್ದರೂ ಉಳಿದುಕೊಂಡ ಆರೋಗ್ಯಾಧಿಕಾರ ಅವರ ಗುರಿ. ಬಾಗಿಲಿಗೆ ಬಂದ ಪಿಡುಗಿನ ಎದುರು ನೆರೆಯವನಿಗೆ ತಾನು ಎಷ್ಟು ಬಾಧ್ಯ ಎಂಬ ಪ್ರಶ್ನೆಯನ್ನು ಅವರು ಎತ್ತಿಯೇ ಇಲ್ಲ.

ಎತ್ತದೆ ಇದ್ದದ್ದು ಪರಂಪರೆಯ ದೊಡ್ಡ ಮಿತಿಯೂ ಹೌದು. ಇದರ ನಾಯಕರಲ್ಲಿ ಹೆಚ್ಚಿನವರ ಬಾಗಿಲಲ್ಲಿ ಡಾಕ್ಟರು ಕರೆಯದೆ ಬಂದು ನಿಂತಿರುತ್ತಾನೆ. ಜಗತ್ತಿನ ಬಹುಜನ ಡಾಕ್ಟರ ಬಾಗಿಲಲ್ಲಿ ಸರದಿ ನಿಂತವರು. ಇದನ್ನು ಕಂಡವರಲ್ಲಿ ಒಬ್ಬ, ಸ್ವತಃ ವೈದ್ಯನಾಗಿದ್ದ ಅಲನ್ ನೌರ್ಸ್. ಅವನ ‘ದಿ ಬ್ಲೇಡ್‌ರನ್ನರ್’ (1974)ನಲ್ಲಿ ಸರ್ಕಾರ ಉಚಿತ ಚಿಕಿತ್ಸೆ ಕೊಡುತ್ತದೆ, ಸಂತಾನಹರಣಕ್ಕೆ ಒಪ್ಪಬೇಕೆಂಬ ಷರತ್ತಿನ ಮೇಲೆ. ಒಪ್ಪದವರಿಗಾಗಿ ಕಳ್ಳತನದಿಂದ ಶಸ್ತ್ರಚಿಕಿತ್ಸೆ ನಡೆಯುತ್ತದೆ, ಹುಡುಗರು ಉಪಕರಣ ಸಾಗಿಸುತ್ತಾರೆ. (1982ರ ಪ್ರಸಿದ್ಧ ಚಲನಚಿತ್ರಕ್ಕೆ ಸಂದದ್ದು ಹೆಸರು ಮಾತ್ರ.) ನೌರ್ಸ್‌ನ ಗದ್ಯ ಸಪ್ಪೆ, ಆದರೆ ಅವನ ಪ್ರಶ್ನೆ ಗಟ್ಟಿಯಾದದ್ದು: ಔಷಧ ಬೇಕು, ಕೊಡುವವರ ಷರತ್ತು ಬೇಡ ಎನ್ನುವವರ ಗತಿ ಏನು?

ಭಾರತಕ್ಕೆ ಇದು ಕಥೆಯಲ್ಲ. ತುರ್ತುಪರಿಸ್ಥಿತಿಯ 1976–77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಗುರಿ ಮುಟ್ಟಿಸುವ ಹೊಣೆ ನೌಕರರ ಮೇಲಿತ್ತು. ಕನ್ನಡದ ಹಳ್ಳಿಗಳಲ್ಲಿ ಬರಿಯ ‘ಆಪರೇಷನ್’ ಎಂದರೆ ಅದೇ ಅರ್ಥ ಬರುವುದುಂಟು. ಸಲ್ಮಾನ್ ರಶ್ದಿಯ ‘ಮಿಡ್‌ನೈಟ್ಸ್ ಚಿಲ್ಡ್ರನ್’ (1981) ಆ ದಿನಗಳನ್ನು ಅದ್ಭುತಕಥೆಯಾಗಿಸಿತು. ವಿಜ್ಞಾನಕಥೆಯ ನೆಲೆಯಿಂದ ಉತ್ತರ ಕೊಟ್ಟದ್ದು ಮಂಜುಳಾ ಪದ್ಮನಾಭನ್ ಅವರ ‘ಹಾರ್ವೆಸ್ಟ್’, 1997ರ ಒನಾಸಿಸ್ ಪ್ರಶಸ್ತಿ ಪಡೆದ ಇಂಗ್ಲಿಷ್ ನಾಟಕ. ಅಂಗಾಂಗ ಮಾರಾಟವನ್ನು ನಿಷೇಧಿಸಿದ 1994ರ ಕಾಯಿದೆಯ ಹಿಂದೆಯೇ ಅದು ಬಂತು. ಮುಂಬೈನ ಒಂದೇ ಕೋಣೆಯ ಮನೆಯಲ್ಲಿ ಕೆಲಸ ಕಳೆದುಕೊಂಡ ಓಂ, ದೂರದೇಶದ ಸಿರಿವಂತ ಗಿರಾಕಿಗೆ ತನ್ನ ದೇಹವನ್ನು ಬರೆದುಕೊಡುತ್ತಾನೆ. ಕಂಪನಿ ಮನೆಗೆ ಅಡುಗೆ ಸಲಕರಣೆ, ಆಹಾರದ ಗುಳಿಗೆ, ಶೌಚಾಲಯ ತಂದು ಕೂರಿಸುತ್ತದೆ, ಅಂಗಗಳು ಕೆಡದಿರಲೆಂದು. ಬಡವನ ಆರೋಗ್ಯದ ಮೇಲೆ ಮೊದಲ ಬಾರಿಗೆ ಯಾರೋ ಕಾಳಜಿ ವಹಿಸಿದ್ದಾರೆ. ಓಂನ ಸಹಿಯನ್ನು ಯಾರೂ ಬಲವಂತದಿಂದ ಪಡೆದಿಲ್ಲ; ಪಡೆದದ್ದು ಹಸಿವು. ಝಮ್ಯಾತಿನ್‌ನಿಂದ ಇಟೊವರೆಗೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ವೈದ್ಯಾಧಿಕಾರ ಇದು. ನಾಟಕದ ಕೊನೆಯಲ್ಲಿ ಗಿರಾಕಿಗೆ ಓಂನ ಹೆಂಡತಿ ಜಯಾಳ ಗರ್ಭ ಬೇಕಾಗುತ್ತದೆ, ಅದೂ ದೂರದಿಂದ, ಉಪಕರಣದ ಮೂಲಕ. ಅವಳು ಬಾಗಿಲು ಹಾಕಿಕೊಂಡು, ತಾನು ಬೇಕಿದ್ದರೆ ಅವನೇ ಈ ಊರಿನ ಗಾಳಿಗೆ, ಈ ಊರಿನ ಕಾಯಿಲೆಗಳಿಗೆ ಮೈಯೊಡ್ಡಿ ಬರಬೇಕೆಂದು ಪಟ್ಟು ಹಿಡಿದು ಕೂರುತ್ತಾಳೆ.